ರಾಶಿಯ ಮೇಲಿನ ಮಾವಿನ ಟೊಂಗೆ

ಕೇರಿಗೆ ಕೇರಿಯೇ ನೀಲಗಂಗವ್ವನನ್ನು ಹೊಗಳುತ್ತಿತ್ತು. ಕಾಡಿನ ಬೆಂಕಿ ಪಕ್ಕದ ಗಂಗೆಯ ಮನೆಗೆ ಹೊತ್ತಿಕೊಂಡಾಗ ಕೊಟ್ಟಿಗೆಗೆ ನುಗ್ಗಿ ಹಸುವಿನ ಕಣ್ಣಿ ಬಿಚ್ಚಿದವಳು ಅವಳು. ಮನೆ ಕಳೆದುಕೊಂಡ ಗಂಗೆಗೂ ಅವಳ ಮಗಳು ಭೂಮಿಕಾಗೂ ತನ್ನ ಪಡಸಾಲೆ ಬಿಟ್ಟುಕೊಟ್ಟವಳೂ ಅವಳೇ. ಬನವಾಸಿಯ ನೆಂಟರು ಫೋನು ಮಾಡಿ, "ಪುಣ್ಯವಂತಿ ಬಿಡವಾ ನೀ" ಎಂದಾಗ ಅವಳು ಒಲೆಯ ನೆಪ ಹೇಳಿ ಫೋನು ಇಟ್ಟುಬಿಟ್ಟಳು. ಪುಣ್ಯವಂತಿಯಂತೆ! ಆ ಬೆಂಕಿಗೆ ದಾರಿ ಮಾಡಿಕೊಟ್ಟವಳೇ ತಾನೆಂದು ಅವರಿಗೇನು ಗೊತ್ತು?

ಕಾಡಿನಂಚಿನ ಆ ಕೇರಿಯಲ್ಲಿ ಸಂಕ್ರಾಂತಿ ಕಳೆಯುತ್ತಲೇ ಬೆಂಕಿಗೆರೆ ಕೆರೆಯುವುದು ವಾಡಿಕೆ. ಯಾರ ಹಿತ್ತಿಲ ಹಿಂದಿನ ನೆಲವೋ ಅವರ ಪಾಲಿನ ಕೆಲಸ. ಉದುರಿದ ಎಲೆಯನ್ನೆಲ್ಲ ಗೋರಿ ಮಣ್ಣು ಕಾಣುವಂತೆ ಮಾಡಿಟ್ಟರೆ ಬೆಂಕಿ ಅಲ್ಲಿಗೆ ಬಂದು ನಿಲ್ಲುತ್ತದೆ. ಗೋರಿದ ಒಣ ಎಲೆಗೆ ದರಕು ಎನ್ನುತ್ತಾರೆ. ದನಗಳ ಕಾಲಡಿಗೆ ಹಾಸಿದರೆ ಒಳ್ಳೆ ಗೊಬ್ಬರ, ಹಾಗಾಗಿ ಎಲ್ಲರಿಗೂ ಅದರ ಮೇಲೆ ಆಸೆ. ರಾಶಿ ಮಾಡಿ ಮೇಲೊಂದು ಹಸಿ ಟೊಂಗೆ ಚುಚ್ಚಿಬಿಟ್ಟರೆ ಮುಗಿಯಿತು, ಅದು ಚುಚ್ಚಿದವರದು. ಮತ್ತೊಬ್ಬರು ಒಂದೆಲೆ ಮುಟ್ಟುವುದಿಲ್ಲ.

ಈ ವರ್ಷ ನೀಲಗಂಗವ್ವ ತನ್ನ ಗೆರೆಯನ್ನು ಕನ್ನಡಿಯಂತೆ ಮಾಡಿದ್ದಳು. ದರಕು ಆಳೆತ್ತರ ಆಯಿತು. ಹೊಲದ ಕೊಟ್ಟಿಗೆಗೆ ಸಾಗಿಸಲು ಟ್ರ್ಯಾಕ್ಟರ್ ಸಿಗುವವರೆಗೆ ಹಿತ್ತಿಲಲ್ಲೇ ಇರಲಿ ಎಂದರೆ ಗಂಡ ಚಂದ್ರಶೇಖರಪ್ಪ ಗದರಿದ. "ಮನಿ ಮಗ್ಗಲಕ್ಕ ಇಡತೀಯೇನು? ಒಂದು ಕಿಡಿ ಬಿದ್ರ ನಮ್ಮ ಬುಡಕ್ಕ ಬರತೈತಿ. ಆಚಿ ಕಡೆ ಎಲ್ಲ್ಯಾರ ಹಾಕು."

ಆಚೆ ಕಡೆ ಎಂದರೆ ಗಂಗೆಯ ಗೆರೆ. ಅವಳೂ ಅದನ್ನು ಆಗಲೇ ಕೆರೆದು ಮುಗಿಸಿದ್ದಳು. ಗಂಗೆ ಕೂಲಿಗೆ ಹೋದ ಹೊತ್ತು ನೋಡಿ ನೀಲಗಂಗವ್ವ ಅಷ್ಟೂ ದರಕನ್ನು ಅವಳ ಕೊಟ್ಟಿಗೆಯ ಹಿಂದೆ ಒಟ್ಟಿದಳು. ತನ್ನ ಹಿತ್ತಿಲ ಮಾವಿನ ಟೊಂಗೆ ಮುರಿದು ಮೇಲೆ ಚುಚ್ಚಿದಳು. ಒಂದೆರಡು ದಿನದ ಮಾತಲ್ಲವೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ತನ್ನ ಮನೆಗೆ ಬೇಡವಾದ ಅಪಾಯ ಗಂಗೆಯ ಮನೆಗೆ ಇರಲಿ ಎನ್ನಲು ಮನಸ್ಸು ಹೇಗಾದರೂ ಒಪ್ಪಿತೋ, ಶಿವನೇ ಬಲ್ಲ!

ಟ್ರ್ಯಾಕ್ಟರ್‌ಗಿಂತ ಮೊದಲು ಬೆಂಕಿ ಬಂತು. ಮಧ್ಯಾಹ್ನದ ಗಾಳಿ ಬೇರೆ. ಕೇರಿಯವರೆಲ್ಲ ಹಸಿ ಸೊಪ್ಪು ಹಿಡಿದು ಬಡಿದರು. ನೀಲಗಂಗವ್ವನ ಗೆರೆಗೆ ಬಂದ ಬೆಂಕಿ ಬರೀ ಮಣ್ಣು ಕಂಡು ಅಲ್ಲೇ ಸತ್ತಿತು. ಗಂಗೆಯ ಗೆರೆಯಲ್ಲಿ ಅದಕ್ಕೆ ರಾಶಿ ಸಿಕ್ಕಿತು, ರಾಶಿಯಿಂದ ಕೊಟ್ಟಿಗೆಯ ಸೋಗೆ, ಸೋಗೆಯಿಂದ ಮನೆಯ ಜಂತಿ. ಮಾವಿನ ಟೊಂಗೆಯೂ ಬೂದಿಯಾಯಿತು. ಸದ್ಯ, ಗುರುತು ಉಳಿಯಲಿಲ್ಲ ಎಂದು ಆ ಗಳಿಗೆಯಲ್ಲೂ ಅವಳಿಗೆ ಅನ್ನಿಸಿಬಿಟ್ಟಿತ್ತು. ನೆನೆದಾಗಲೆಲ್ಲ ಅವಳಿಗೆ ತನ್ನ ಮೇಲೇ ಹೇಸಿಗೆ ಬರುತ್ತಿತ್ತು.

ಅಂದಿನಿಂದ ಉಪಚಾರವೋ ಉಪಚಾರ. ಬಿಸಿ ರೊಟ್ಟಿಗೆ ಬೆಣ್ಣೆ, ಭೂಮಿಕಾಗೆ ಹೊಸ ಚೂಡಿದಾರ. ಗಂಗೆ ತಲೆ ತಗ್ಗಿಸಿ ಉಂಡು "ಸಾಕು ಅಕ್ಕಾ" ಎನ್ನುವಳು. ಮದುವೆಯಾಗಿ ಈ ಕೇರಿಗೆ ಬಂದಂದಿನಿಂದ ಅವಳಿಗೆ ನೀಲಗಂಗವ್ವ ಅಕ್ಕನೇ. ಸಕ್ಕರೆ ಕೇಳಲಿ, ಜಗಳವಾಡಲಿ, ಮಾತಿಗೊಂದು ಅಕ್ಕಾ. ಅದೇ ಈಗ ನೀಲಗಂಗವ್ವನನ್ನು ಮುಳ್ಳು ಮುರಿದಂತೆ ಒಳಗೆ ಚುಚ್ಚುತ್ತಿತ್ತು. ಹೇಳಿಬಿಡಬೇಕು ಎಂದುಕೊಂಡು ತಟ್ಟೆ ಹಿಡಿದು ಬರುವಳು, ಇನ್ನೊಂದು ರೊಟ್ಟಿ ಬಡಿಸಿ ಹೋಗುವಳು.

ಒಂದು ಬೆಳಿಗ್ಗೆ ಗಂಗೆ ಸುಟ್ಟ ಮನೆಯ ಬೂದಿ ಗೋರುತ್ತಿದ್ದಾಗ ನೀಲಗಂಗವ್ವ ಚಾ ತಂದಳು.

"ತಪ್ಪು ನಂದೇ ಅಕ್ಕಾ" ಎಂದಳು ಗಂಗೆ. "ಕೂಲಿಯಿಂದ ಬಂದಾಗ ರಾಶಿ ನೋಡಿದ್ದೆ. ಟೊಂಗೆ ಚುಚ್ಚಿತ್ತು. ಬೇರೆಯವ್ರ ದರಕು ಹೆಂಗೆ ಮುಟ್ಟೋದು ಅಂತ ಬಿಟ್ಟೆ."

ನೀಲಗಂಗವ್ವ ಚಾ ಲೋಟವನ್ನು ಕೆಳಗಿಟ್ಟಳು.

"ನಿಂದಲ್ಲ ಗಂಗೀ. ಆ ರಾಶಿ ನಂದು. ನನ್ನ ಮನಿ ಉಳೀಲಿ ಅಂತ ನಿನ್ನ ಮನಿ ಹಿಂದ ಒಟ್ಟಿದೆ."

ಗಂಗೆ ತಲೆ ಎತ್ತಲಿಲ್ಲ. "ಗೊತ್ತಿತ್ತು. ನಾವೆಲ್ಲ ಚುಚ್ಚೋದು ಕಾಡಿನ ಟೊಂಗೆ. ಮಾವಿಂದು ನೀವೊಬ್ರೇ."

"ಮತ್ತ ಯಾಕ ಸುಮ್ಮನಿದ್ದಿ?"

"ನೀವಾಗೇ ಹೇಳ್ತೀರಿ ಅಂದ್ಕಂಡೆ. ರೊಟ್ಟಿ ತಂದಾಗೆಲ್ಲ ಇವತ್ತು ಹೇಳ್ತೀರಿ, ಇವತ್ತು ಹೇಳ್ತೀರಿ ಅಂತ ಕಾದೆ. ಕಡಿಗೆ ನಾನೇ ಬಾಯಿ ತೆಗೀಬೇಕಾಯ್ತು."

ನೀಲಗಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಗಂಗೆ ಗೋಡೆಗೆ ಒರಗಿಸಿದ್ದ ಇನ್ನೊಂದು ಗೋರೆಯನ್ನು ತೋರಿಸಿದಳು.

"ನಿಂತ್ಕಂಡು ಎಂತ ಮಾಡ್ತೀರಿ? ಆ ತುದಿಯಿಂದ ಗೋರಿ."

ಇಬ್ಬರೂ ಕೆಲಸಕ್ಕೆ ನಿಂತರು. ಗಂಗೆ ಆಗಾಗ ಮಾತಾಡಿದಳು. ಬುಟ್ಟಿ ಈ ಕಡೆ ಕೊಡಿ ಎಂದಳು, ಹೆಂಚಿನ ಚೂರಿದೆ, ಕಾಲು ಜೋಪಾನ ಎಂದಳು, ಬಿಸಿಲು ಏರಿತು ಎಂದಳು. ಸಿಟ್ಟಿನ ಒಂದು ಮಾತೂ ಬರಲಿಲ್ಲ. ನೀಲಗಂಗವ್ವ ಮಾತ್ರ ಪ್ರತಿ ಮಾತಿನ ಕೊನೆಗೂ ಕಿವಿಗೊಟ್ಟು ನಿಲ್ಲುತ್ತಿದ್ದಳು. ಬೂದಿಯೆಲ್ಲ ಗೋರಿ ನೆಲ ಕಂಡರೂ, ಗಂಗೆಯ ಬಾಯಿಂದ ಒಂದು ಸಲವೂ ಅಕ್ಕಾ ಎಂದು ಬರಲಿಲ್ಲ.