ಕಡ್ಡಿ ಗೀರುವ ಮೊದಲು

ಬೆಂಕಿಪೆಟ್ಟಿಗೆಯ ಬದಿಗೆ ಕಡ್ಡಿ ಒತ್ತಿ ಹಿಡಿದಿದ್ದ ಅಪ್ಪನ ಕೈಗೆ ಪಕ್ಕದ ಮನೆಯ ಸ್ನೇಹಲ್ ಫಟ್ಟನೆ ಹೊಡೆದಳು. ಕಡ್ಡಿ ದೇವರ ಪಟದ ಹಿಂದೆ ಬಿತ್ತು. ಪೆಟ್ಟಿಗೆ ಯಕ್ಷಿತಾಳ ಕಾಲಬುಡದಲ್ಲಿ ಚೆಲ್ಲಾಪಿಲ್ಲಿಯಾಯಿತು.

"ಕಾಕಾ, ಗ್ಯಾಸ್ ಆಹೇ. ಪೂರ್ಣ ಪ್ಯಾಸೇಜ್‌ಮಧ್ಯೇ ವಾಸ್ ಯೇತೋಯ್," ಎಂದು ಪ್ಯಾಸೇಜಿನ ತುಂಬ ಹರಡಿದ ಗ್ಯಾಸಿನ ವಾಸನೆಗೆ ಕೂಗಿದವಳೇ ಸ್ನೇಹಲ್ ಸೆರಗನ್ನು ಮೂಗಿಗೆ ಒತ್ತಿಕೊಂಡು ಅಡುಗೆಮನೆಗೆ ನುಗ್ಗಿದಳು. ಒಲೆಯ ಕಿವಿ ತಿರುಗಿಸಿದ ಸದ್ದು, ಕಿಟಕಿ ತೆರೆದ ಸದ್ದು ಕೇಳಿಸಿತು. ಫ್ಯಾನಿನ ಬಟನ್ನಿನ ಕಡೆ ಕೈ ಚಾಚಿದ ಯಕ್ಷಿತಾಳನ್ನು ಗದರಿಸಿ, ಅಪ್ಪ ಮಗಳಿಬ್ಬರನ್ನೂ ತೋಳು ಹಿಡಿದು ಹೊರಗಿನ ಪ್ಯಾಸೇಜಿಗೆ ಎಳೆದು ತಂದಳು. ಮನೆಯಲ್ಲಿ ಎರಡು ಜನ ಇದ್ದೂ ಒಂದು ಮೂಗೂ ಕೆಲಸ ಮಾಡುವುದಿಲ್ಲವೇ ಎಂದು ಮರಾಠಿಯಲ್ಲಿ ಕೇಳಿದಳು.

ಹಾಲು ಉಕ್ಕಿ ಒಲೆ ಆರಿತ್ತು. ಹಾಲಿಟ್ಟವಳು ಯಕ್ಷಿತಾಳೇ. ತಲೆಭಾರವೆಂದು ಗೋರೆಗಾಂವ್‌ನ ಆಫೀಸಿನಿಂದ ಬೇಗ ಬಂದು, ಚಹಾಕ್ಕೆ ಹಾಲಿಟ್ಟು, ಹೊರಕೋಣೆಯಲ್ಲಿ ಕೂತವಳು ಮರೆತೇಬಿಟ್ಟಿದ್ದಳು. ಪಕ್ಕದ ಹಳೆ ಬಿಲ್ಡಿಂಗ್ ಕೆಡವುತ್ತಿದ್ದ ಧೂಳಿಗೆ ಹೆದರಿ ಕಿಟಕಿಗಳನ್ನೆಲ್ಲ ಮುಚ್ಚಿದವಳೂ ಅವಳೇ. ಅಮ್ಮ ಸೇವಂತಿ, ಊರಿನವರ ಸಂಘದ ಭಜನೆಗೆ ಹೋಗಿದ್ದರಿಂದ ದೀಪ ಹಚ್ಚುವ ಕೆಲಸ ರಜೆಯಲ್ಲಿದ್ದ ಅಪ್ಪನ ಪಾಲಿಗೆ ಬಂದಿತ್ತು. ದೀಪದ ಹೊತ್ತಿಗೆ ಲಕ್ಷ್ಮಿ ಒಳಗೆ ಬರಲೆಂದು ಮುಂಬಾಗಿಲು ತೆರೆದಿಡುವುದು ಮನೆಯ ರೂಢಿ. ಅಪ್ಪ ಬಾಗಿಲು ತೆರೆದದ್ದರಿಂದಲೇ ವಾಸನೆ ಸ್ನೇಹಲ್‌ಳ ಮನೆಯವರೆಗೆ ಹೋಗಿತ್ತು.

ಗೋಡೆಗೆ ಆತುಕೊಂಡು ನಿಂತ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ನಿನಗೆ ವಾಸನೆ ಬರ್ಲಿಲ್ವಾ ಮಗಾ?"

"ನಿಮಗೆ?"

ಕೇಳಿದ ಮೇಲೆಯೇ ಯಕ್ಷಿತಾಳಿಗೆ ಹೊಳೆದದ್ದು. ಅಲ್ಲಿಯವರೆಗೆ ಅವಳು ತನ್ನ ತಪ್ಪನ್ನಷ್ಟೇ ನೆನೆಯುತ್ತಿದ್ದಳು. ತನಗೆ ಗ್ಯಾಸಿನ ವಾಸನೆ ಬಾರದ್ದಕ್ಕೆ ಕಾರಣ ಉಂಟು. ಸೈನಸ್ ತುಂಬಿ, ಮೂಗಿನ ಎರಡೂ ಕಡೆ ದ್ರಾಕ್ಷಿಯಂತೆ ದುರ್ಮಾಂಸ ಬೆಳೆದು ಕೂತಿದೆ. ಆದರೆ ಅಪ್ಪ? ಅವನು ಮುಖ್ಯ ಅಡುಗೆಯವನಾಗಿರುವ ಸಯನ್ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಎಲ್ಲರೂ ಅವನನ್ನು ಕರೆಯುವುದೇ ಮೂಗಿನ ಚೆನ್ನಯಣ್ಣ ಎಂದು. ಸಾಂಬಾರಿನ ಮಸಾಲೆ ಹುರಿಯುವಾಗ ಅವನು ಬಾಣಲೆಯ ಮೇಲೆ ಬಾಗಿ ಒಮ್ಮೆ ಉಸಿರೆಳೆದು ತಲೆ ಅಲ್ಲಾಡಿಸದೆ ಯಾರೂ ಇಳಿಸುವಂತಿಲ್ಲ.

"ಅಪ್ಪ, ನಿಮಗೆ ಯಾಕೆ ಬರ್ಲಿಲ್ಲ?"

ಅಪ್ಪ ಪ್ಯಾಸೇಜಿನ ಎರಡೂ ತುದಿ ನೋಡಿದ. ಸ್ನೇಹಲ್ ನೀರು ತರಲು ತನ್ನ ಮನೆಗೆ ಹೋಗಿದ್ದಳು.

"ನನಗೆ ವಾಸನೆ ಇಲ್ಲ," ಎಂದ. "ಆ ಆಪರೇಷನ್ ಆದ ಮೇಲೆ ಬರ್ಲೇ ಇಲ್ಲ. ನೀನು ಹುಟ್ಟುವ ಮೊದಲೇ."

ಅಪ್ಪನ ಸೈನಸ್ಸಿನ ಆ ಆಪರೇಷನ್ ಅವಳಿಗೆ ಗೊತ್ತಿತ್ತು. ಎರಡು ತಿಂಗಳ ಹಿಂದೆ ಡಾಕ್ಟರು ತನಗೂ ಆಪರೇಷನ್ ಹೇಳಿದಾಗ ಅಪ್ಪ ಮೇಲ್ದುಟಿ ಎತ್ತಿ, ಹಲ್ಲಿನ ಮೇಲೆ ಒಸಡಿನ ಉದ್ದಕ್ಕೂ ಹೋದ ಗಾಯದ ಗೆರೆ ತೋರಿಸಿದ್ದ. ಅಲ್ಲಿಂದ ಕೊಯ್ದು, ಕೆನ್ನೆಯ ಎಲುಬಿಗೆ ತೂತು ಮಾಡಿ, ಒಳಗೆಲ್ಲ ಕೆರೆದು ತೆಗೆದಿದ್ದರಂತೆ. ಮುಖ ಕುಂಬಳಕಾಯಿಯಂತೆ ಬಾತು ತನ್ನ ತಾಯಿಗೇ ಗುರುತು ಸಿಗಲಿಲ್ಲವಂತೆ. ಇವತ್ತಿಗೂ ಬಲಗೆನ್ನೆಗೆ ಸ್ಪರ್ಶವಿಲ್ಲ; ಕಾಫಿ ಮೀಸೆಯಿಂದ ಇಳಿದರೆ ಅಮ್ಮನೇ ಹೇಳಬೇಕು. "ಈಗ ಮೂಗಿನೊಳಗೆ ದುರ್ಬೀನು ಹಾಕಿ ಮಾಡ್ತಾರಂತೆ, ಹೊರಗೆ ಎಲ್ಲಿಯೂ ಕೊಯ್ಯುವುದಿಲ್ಲ," ಎಂದು ಅವಳು ಹೇಳಿದ್ದಕ್ಕೆ, "ದುರ್ಬೀನು ಇದ್ರೂ ಕೊಯ್ಯುವುದು ಕೊಯ್ಯುವುದೇ. ನಿನ್ನ ಮೂಗಿಗೆ ನಾನು ಕತ್ತಿ ಹಾಕಿಸುವುದಿಲ್ಲ," ಎಂದು ಮಾತು ಮುಗಿಸಿದ್ದ. ಅವಳೂ ಸುಮ್ಮನಾಗಿದ್ದಳು. ಸುಮ್ಮನಾಗುವುದು ಅವಳ ಸ್ವಭಾವ.

ಗೆರೆ ತೋರಿಸಿದವನು ವಾಸನೆಯ ಮಾತನ್ನು ಮಾತ್ರ ಎತ್ತಿರಲಿಲ್ಲ.

"ಮತ್ತೆ ಹೋಟೆಲಲ್ಲಿ?"

"ಕೇಳುವುದು. ಪಕ್ಕದಲ್ಲಿ ನಿಂತವನನ್ನು ಕರೆದು, ಮೂಸಿ ಹೇಳು ಹೇಗುಂಟು ಅಂತ. ಅವರಿಗೆ ನಾನು ಕಲಿಸ್ತಾ ಇದ್ದೇನೆ ಅಂತ ಖುಷಿ." ಅಪ್ಪ ಕೈಯನ್ನೇ ನೋಡಿಕೊಂಡ, ಸ್ನೇಹಲ್ ಹೊಡೆದಲ್ಲಿ ಕೆಂಪಾಗಿತ್ತು. "ಅವರಿಗೆಲ್ಲ ನನ್ನ ಹೆದರಿಕೆ, ಸೀದರೂ ಸರಿ ಉಂಟು ಅಂತಾರೆ. ಅದಕ್ಕೆ ನಿನ್ನ ಹತ್ರ ತರುವುದು."

ಸ್ಟೀಲಿನ ಕರಡಿಗೆಯಲ್ಲಿ ತರುವ ಆ ಮಸಾಲೆಪುಡಿ. ಯಕ್ಷಿತಾ ನೆಲದ ಮೇಲೆ ಕೂತುಬಿಟ್ಟಳು.

ಅವಳು ಶಾಲೆಗೆ ಹೋಗುವಾಗಿನಿಂದ ಅಪ್ಪ ಪ್ರತಿ ಸಂಜೆ ಅಂದಿನ ಮಸಾಲೆಪುಡಿಯನ್ನು ಕರಡಿಗೆಯಲ್ಲಿ ತರುತ್ತಿದ್ದ. ಅವಳು ಕಣ್ಣು ಮುಚ್ಚಬೇಕು, ಅವನು ಮುಚ್ಚಳ ತೆಗೆಯಬೇಕು. "ಎಂತ ಹೆಚ್ಚು, ಎಂತ ಕಡಿಮೆ, ಹೇಳು ನೋಡುವ." ಅವಳು ಮೆಂತೆ ಜಾಸ್ತಿ ಎಂದರೆ, ಅದು ತನಗೆ ಮೊದಲೇ ಗೊತ್ತಿತ್ತು ಎಂಬಂತೆ ನಗುತ್ತಿದ್ದ. ಬಂದವರ ಎದುರು, "ನನ್ನ ಮೂಗು ಮಗಳಿಗೆ ಬಂದಿದೆ," ಎನ್ನುತ್ತಿದ್ದ. ಅದೊಂದು ಆಟವೆಂದೇ ಅವಳು ಇಷ್ಟು ವರ್ಷ ತಿಳಿದಿದ್ದಳು. ಆಗೆಲ್ಲ ಅವಳ ಜಡೆಯ ಮಲ್ಲಿಗೆ ಮೂಸಿ, "ಇದು ನಮ್ಮ ಊರಿನದ್ದೇ," ಎನ್ನುತ್ತಿದ್ದನಲ್ಲ, ಅದೂ?

"ಅಪ್ಪ," ಎಂದಳು. "ನನಗೂ ಬರುವುದಿಲ್ಲ. ಕಳೆದ ದೀಪಾವಳಿಯಿಂದ ಏನೂ ಬರುವುದಿಲ್ಲ. ನಿಮಗೆ ಬೇಜಾರಾಗ್ತದೆ ಅಂತ ನಾನು ಸುಮ್ಮನೆ ಸರಿ ಉಂಟು ಅಂತಿದ್ದೆ."

ಸ್ನೇಹಲ್ ತಂದ ನೀರಿನ ಲೋಟವನ್ನು ಅಪ್ಪ ಕುಡಿಯದೆ ನೆಲದ ಮೇಲಿಟ್ಟ.

"ಹಾಗಾದ್ರೆ ಕೊರಗಪ್ಪ ಹೇಳಿದ್ದು ಸರಿ," ಎಂದ.

ಕೊರಗಪ್ಪ ಅಪ್ಪನ ಕೈಕೆಳಗೆ ಬಹಳ ವರ್ಷ ದುಡಿದ ಅಡುಗೆಯವನು. ಮಳೆಗಾಲದಲ್ಲಿ ಒಂದು ದಿನ, ಎಲ್ಲರ ಎದುರು, "ಅಣ್ಣ, ಕೊತ್ತಂಬರಿ ಸೀದಿದೆ. ವಾರದಿಂದಲೂ ಹೀಗೇ," ಎಂದಿದ್ದ. ಗಿರಾಕಿಗಳು ಸಾಂಬಾರು ಕಹಿಯೆಂದು ಬಟ್ಟಲು ವಾಪಸು ಕಳಿಸುತ್ತಿದ್ದರು. ಮಾಲಕ ಧನರಾಜ್ ಶೆಟ್ಟರು ಕೇಳಿದಾಗ ಅಪ್ಪ, ಪುಡಿ ಸರಿ ಉಂಟು, ಕೊರಗಪ್ಪನ ನಾಲಿಗೆಯೇ ಕೆಟ್ಟಿದೆ ಎಂದಿದ್ದ. ಹಿಂದಿನ ಸಂಜೆಯಷ್ಟೇ ಮಗಳು ಸರಿ ಉಂಟು ಎಂದಿದ್ದಳಲ್ಲ. ಕೊರಗಪ್ಪ ಆ ತಿಂಗಳೇ ಕೆಲಸ ಬಿಟ್ಟು ಕಾಂದಿವಲಿಯ ಕ್ಯಾಂಟೀನು ಸೇರಿದ್ದ.

ಆ ವಾರ ಅಪ್ಪ ಮೊದಲ ಸಲ ಅವಳ ಜೊತೆ ಡಾಕ್ಟರಲ್ಲಿಗೆ ಬಂದ. ಡಾಕ್ಟರಮ್ಮ ಮೊದಲು ಮಗಳ ಸ್ಕ್ಯಾನ್ ತೋರಿಸಿದರು, ಆಮೇಲೆ ಅಪ್ಪನ ತುಟಿ ಎತ್ತಿ ಹಳೆಯ ಗೆರೆ ನೋಡಿದರು.

"ಆಗ ಹೀಗೇ ಮಾಡ್ತಿದ್ದದ್ದು. ನಿಮ್ಮ ಡಾಕ್ಟರು ತಪ್ಪು ಮಾಡಿದ್ದಲ್ಲ," ಎಂದು ಹಿಂದಿಯಲ್ಲಿ ಹೇಳಿದರು. ಹಳೆಯ ಪದ್ಧತಿಯಲ್ಲಿ ಕೆನ್ನೆಯ ಕಡೆಯಿಂದ ಒಳಗೆ ಹೋಗಿ ಕೆಟ್ಟ ಪೊರೆಯನ್ನೇ ಕಿತ್ತು ತೆಗೆಯುತ್ತಿದ್ದರು. ದಾರಿಯಲ್ಲಿ ಕೆನ್ನೆಯ ನರಕ್ಕೆ ಪೆಟ್ಟಾಗುವುದಿತ್ತು. ಈಗ ಮೂಗಿನ ಹೊಳ್ಳೆಯಿಂದಲೇ ದುರ್ಬೀನು ಬಿಟ್ಟು, ಕಟ್ಟಿಕೊಂಡ ಬಾಗಿಲುಗಳನ್ನಷ್ಟೇ ತೆರೆಯುತ್ತಾರೆ. ಒಳ್ಳೆಯ ಪೊರೆಯನ್ನು ಮುಟ್ಟುವುದಿಲ್ಲ. ಹೆಚ್ಚಿನವರು ಮರುದಿನವೇ ಮನೆಗೆ ಹೋಗುತ್ತಾರೆ. ದುರ್ಬೀನು ತಲುಪದ ಮೂಲೆಯಾದರೆ ಅಪರೂಪಕ್ಕೆ ಈಗಲೂ ಹಳೆಯ ದಾರಿ ಹಿಡಿಯುವುದುಂಟು.

"ಇದರಲ್ಲಿ ಅಪಾಯ ಇಲ್ಲವಾ?" ಅಪ್ಪ ಕೇಳಿದ.

"ಉಂಟು. ಪಕ್ಕದಲ್ಲೇ ಕಣ್ಣು, ಮೇಲೆ ಮಿದುಳು. ಅಪರೂಪ, ಆದರೆ ಇಲ್ಲ ಅನ್ನಲಾರೆ. ದುರ್ಮಾಂಸ ಮತ್ತೆ ಬೆಳೆಯಲೂಬಹುದು. ಸ್ಪ್ರೇ, ಉಪ್ಪುನೀರು ಬಿಡುವ ಹಾಗಿಲ್ಲ."

"ವಾಸನೆ?"

"ಇವರಿಗೆ ಬರುವ ಸಾಧ್ಯತೆ ಚೆನ್ನಾಗಿಯೇ ಇದೆ. ಖಾತ್ರಿ ಕೊಡಲಾರೆ." ಅಪ್ಪ ಇನ್ನೂ ಕಾಯುತ್ತಿದ್ದುದನ್ನು ಕಂಡು ಅವರು ದನಿ ತಗ್ಗಿಸಿದರು. "ನಿಮ್ಮದು ರೋಗದಿಂದ ಹೋಯಿತೋ ಆಪರೇಷನ್ನಿನಿಂದಲೋ ಈಗ ಹೇಳಲಾಗದು. ತುಂಬ ವರ್ಷವಾಯಿತು ಕಾಕಾ."

ಅಪ್ಪ ತಲೆಯಾಡಿಸಿದ. ಹೋಟೆಲಿನಲ್ಲಿ ಬಾಣಲೆಯ ಮೇಲೆ ಬಾಗಿ ಅಲ್ಲಾಡಿಸುತ್ತಿದ್ದುದೂ ಹೀಗೆಯೇ ಇರಬೇಕು ಎಂದು ಯಕ್ಷಿತಾಳಿಗೆ ಅನಿಸಿತು. "ಮಾಡಿಸುವ," ಎಂದ.

ಆಪರೇಷನ್ನಿನ ಮರುದಿನ ಮೂಗಿನೊಳಗೆ ತುರುಕಿದ್ದ ಪಟ್ಟಿ ತೆಗೆದಾಗ ಕಣ್ಣಲ್ಲಿ ನೀರು ಬಂತು. ಕನ್ನಡಿ ತರಿಸಿ ನೋಡಿಕೊಂಡಳು. ಅದೇ ಮುಖ, ಬಾತಿರಲಿಲ್ಲ. ಅಪ್ಪ ಹಾಸಿಗೆಯ ಪಕ್ಕ ಬಾಗಿ ಅವಳ ಬಲಗೆನ್ನೆಯ ಮೇಲೆ ಒಂದು ಬೆರಳಿಟ್ಟ.

"ಮುಟ್ಟಿದ್ದು ಗೊತ್ತಾಗ್ತದಾ?"

"ಗೊತ್ತಾಗ್ತದೆ."

ಬೆರಳನ್ನು ಇನ್ನೊಂದು ಕಡೆ ಇಟ್ಟು ಮತ್ತೆ ಕೇಳಿದ. ಬಾಗಿಲಲ್ಲಿದ್ದ ಅಮ್ಮ, "ಸಾಕು, ನಿಮ್ಮದು ಹಲಸಿನಹಣ್ಣು ಒತ್ತಿ ನೋಡಿದ ಹಾಗೆ ಆಯ್ತು," ಎಂದಳು.

ತಲೆಭಾರ ಇಳಿಯಿತು, ನಿದ್ದೆ ಬಂತು. ವಾಸನೆ ಬರಲಿಲ್ಲ. ಉಪ್ಪುನೀರು ಹಾಕಿ ತೊಳೆಯುವಾಗಲೆಲ್ಲ ಅಮ್ಮ ಸಾಬೂನನ್ನೋ ಕರ್ಪೂರವನ್ನೋ ಅವಳ ಹತ್ತಿರ ಬೇಕೆಂದೇ ಇಟ್ಟುಹೋಗುತ್ತಿದ್ದಳು. ಅಪ್ಪ ಏನನ್ನೂ ತರಲಿಲ್ಲ, ಕೇಳಲಿಲ್ಲ. ಕರಡಿಗೆಯನ್ನು ತೊಳೆದು ಕಪಾಟಿನ ಮೇಲೆ ಬೋರಲು ಹಾಕಿದ್ದ. ಒಂದು ಭಾನುವಾರ ಲೋಕಲ್ ಹಿಡಿದು ಕಾಂದಿವಲಿಗೆ ಹೋಗಿ ಬಂದ. ಕೊರಗಪ್ಪ ಏನೆಂದ ಎಂದು ಅಮ್ಮ ಕೇಳಿದ್ದಕ್ಕೆ, "ಚಾ ಕೊಟ್ಟ," ಎಂದಷ್ಟೇ ಹೇಳಿದ. ಮುಂದಿನ ವಾರದಿಂದ ಹೋಟೆಲಿನ ಬಾಣಲೆಯ ಮುಂದೆ ಕೊರಗಪ್ಪ ನಿಲ್ಲುತ್ತಿದ್ದ.

ಮನೆಯಲ್ಲಿ ಮಾತ್ರ ಹೊಸ ಕ್ರಮವೊಂದು ಸೇರಿಕೊಂಡಿತ್ತು. ರಜೆಯ ದಿನ ದೀಪ ಹಚ್ಚುವ ಮೊದಲು ಅಪ್ಪ ಒಲೆಯ ಕಿವಿ ಮುಟ್ಟಿ ನೋಡಿ, ಬಾಗಿಲು ಕಿಟಕಿ ತೆರೆದು, ಕಡ್ಡಿ ಹಿಡಿದು ಯಕ್ಷಿತಾಳ ಮುಖ ನೋಡುತ್ತ ನಿಲ್ಲುವನು. ಅವಳು ಎದ್ದು ಹೋಗಿ ಒಲೆಯನ್ನು ಇನ್ನೊಮ್ಮೆ ನೋಡಿ ಬಂದು ತಲೆಯಾಡಿಸುವಳು. "ದೀಪಕ್ಕೂ ಈಗ ಮಗಳ ಪರ್ಮಿಶನ್ ಬೇಕಾ?" ಎಂದು ಅಮ್ಮ ನಗುವಳು.

ಆ ಸಂಜೆಯೂ ಅವಳು ನೋಡಿ ಬಂದು ತಲೆಯಾಡಿಸಿದಳು. ಅಪ್ಪ ಕಡ್ಡಿ ಗೀರಿದ. ಬೆಂಕಿ ಹತ್ತಿದ ಕೂಡಲೇ ಏನೋ ಖಾರವಾದದ್ದು ಅವಳ ಮೂಗಿನೊಳಗೆ ಚುರ್ ಎಂದಿತು. ಅವಳು ಬೆಚ್ಚಿ ಹಿಂದೆ ಸರಿದಳು. ಬತ್ತಿ ಹೊತ್ತಿಕೊಂಡಿತು. ಅಪ್ಪ ಕಡ್ಡಿಯನ್ನು ಊದಿ ಆರಿಸಿದ.

"ಅದನ್ನು ಇಲ್ಲಿ ಕೊಡಿ," ಎಂದು ಯಕ್ಷಿತಾ ಕೈ ಚಾಚಿದಳು.

ಕರಿದಾದ ತುದಿಯನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದಳು. ಅಪ್ಪ ಅವಳ ಮುಖ ನೋಡಿದ. ಆಮೇಲೆ ಒಳಗೆ ಹೋದ. ಡಬ್ಬಿಗಳು ಸರಿದಾಡಿದ ಸದ್ದಾಯಿತು. ಕಪಾಟಿನ ಮೇಲಿನ ಕರಡಿಗೆಯನ್ನು ಇಳಿಸಿ, ಒಂದಿಷ್ಟು ಪುಡಿ ಹಾಕಿಕೊಂಡು ಬಂದು, ಮುಚ್ಚಳ ತೆಗೆಯದೆ, ಅವಳೆದುರು ನೆಲದ ಮೇಲೆ ಕೂತ.