ಧ್ವನಿ ಸ್ಪಷ್ಟವಿಲ್ಲ

ಮಗಳು ಅಪ್ಪನ ಶವಕ್ಕೆ ತೊಡಿಸಿದ ಅಂಗಿಗೆ ಕೊನೆಯ ಗುಂಡಿ ಹಾಕುತ್ತಿದ್ದಾಗ ಪಕ್ಕದ ಮನೆಯಾಕೆ, "ಇವ್ರಿಗೊಂದು ಗುಟ್ಟು ಹೇಳಿದ್ರೆ ಬೀದಿಗೆಲ್ಲಾ ಕೇಳ್ಸೋದು" ಎಂದು ಅಳುವಿನ ನಡುವೆಯೂ ನಕ್ಕಳು.

"ಹನ್ನೊಂದು ವರ್ಷ ಕೂಗಿ ಕೂಗಿ ನಂಗೂ ಸಾಕಾಗಿತ್ತು," ಎಂದಳು ಅಮ್ಮ.

ಮಗಳು ನಗಲಿಲ್ಲ. ಅವಳು ಸರ್ಕಾರದ ಬೆವರಿಳಿಸುವ ವರದಿಗಾರ್ತಿ. ಅಪ್ಪ ಅದೇ ಸರ್ಕಾರದ ಯಾವುದೋ ಕಚೇರಿಯಲ್ಲಿ, ಕಿವಿ ಮಂದವಾದ ಮೇಲೆ ಕಡತದ ಕೋಣೆ ಸೇರಿದ ಗುಮಾಸ್ತ. ಅವನ ಬಗ್ಗೆ ಅವಳಿಗೆ ಹೇಳಿಕೊಳ್ಳುವಂಥ ಅಭಿಮಾನವೇನೂ ಇರಲಿಲ್ಲ. ಇವತ್ತು ಅವಳನ್ನು ಕೊರೆಯುತ್ತಿದ್ದುದು ಅದೇ.

*

ಒಮ್ಮೆ ಊಟದ ಹೊತ್ತಿನಲ್ಲಿ, ಅಪ್ಪನ ಎದುರಿಗೇ ಅಮ್ಮನಿಗೆ ಹೇಳಿದ್ದಳು: "ನನ್ ಬೆನ್ನು ಹತ್ತಿರೋ ಜನರ ಹತ್ರಾನೇ ಸಂಬಳ ತಗೋತಾರಲ್ಲ, ಇವ್ರಿಗೆ ಕಿವಿಯಷ್ಟೇ ಅಲ್ಲ, ಮಾನಾನೂ ಹೋಗಿದೆ."

ಅಮ್ಮ ಬೆಚ್ಚಿ ಗಂಡನತ್ತ ನೋಡಿದ್ದಳು. ಅಪ್ಪ ತಲೆ ಎತ್ತದೆ ಕಿತ್ತಳೆ ಸುಲಿದು, ಬೀಜ ತೆಗೆದು, ಅರ್ಧ ಮಗಳ ತಟ್ಟೆಗೆ ಹಾಕಿ ಎದ್ದು ಹೋಗಿದ್ದ.

*

ಅಂತಿಮ ದರ್ಶನಕ್ಕೆ ಬಂದಿದ್ದ ಅಪ್ಪನ ಹಳೆಯ ಸಹೋದ್ಯೋಗಿ ಅವಳನ್ನು ಅಡುಗೆಮನೆಗೆ ಕರೆದು, ನಲ್ಲಿ ತಿರುಗಿಸಿ ನೀರು ಸದ್ದು ಮಾಡತೊಡಗಿದ ಮೇಲೆಯೇ ಬಾಯಿಬಿಟ್ಟ.

"ನಮ್ ಕೆಲ್ಸ ಏನ್ ಗೊತ್ತಾಮ್ಮ? ಜನರ ಫೋನ್ ಕದ್ದು ಕೇಳಿ ಟೈಪ್ ಮಾಡೋದು. ಮೇಜಿಗೆ ಹೆಸರು ಬರಲ್ಲ, ಬರೀ ನಂಬರು. ಒಂದಿನ ನಿಮ್ಮಪ್ಪನ ಹೆಡ್‌ಫೋನಲ್ಲಿ ನಿನ್ ದನಿ ಬಂತು."

ಜೈಲಿನ ಆಸ್ಪತ್ರೆಯ ಸಾವುಗಳ ಬಗ್ಗೆ ನರ್ಸೊಬ್ಬಳು ಅವಳಿಗೆ ಗುಟ್ಟಾಗಿ ತಿಳಿಸುತ್ತಿದ್ದ ದಿನಗಳವು.

"ಆರು ವಾರ ಹಾಳೆ ತುಂಬಾ 'ಧ್ವನಿ ಸ್ಪಷ್ಟವಿಲ್ಲ' ಅಂತಾನೇ ಟೈಪ್ ಮಾಡಿದ್ರು. ಸಾಹೇಬ್ರು ಕರೆದು ಉಗಿದ್ರೆ, ಕಿವಿ ಹೋಗಿದೆ ಅಂದ್ಬಿಟ್ರು. ಅಷ್ಟೊತ್ತಿಗೆ ನಿನ್ ವರದಿ ಅಚ್ಚಾಗಿತ್ತು, ಆ ಹೆಣ್ಮಗಳು ಗಡಿ ದಾಟಿದ್ಲು."

"ಹಾಗಾದ್ರೆ ಕಿವಿ?"

"ಕಿವಿಗೇನಾಗಿತ್ತು? ಗೋಡೆಯಾಚೆ ಇರುವೆ ಹರಿದ್ರೂ ಕೇಳ್ಸೋದು. ಆದ್ರೆ ನಮ್ ಕಚೇರಿಯೋರು ನಮ್ಮನ್ನೇ ಬಿಡ್ತಾರಾ? ಈ ಮನೆ ಮಾತೂ ಕದ್ದು ಕೇಳ್ತಿದ್ರು. ಮನೇಲೂ ಕಿವುಡಾಗ್ದೆ ವಿಧಿ ಇರ್ಲಿಲ್ಲ."

ಹನ್ನೊಂದು ವರ್ಷ ಅಪ್ಪನ ಎದುರಿಗೇ ಆಡಿಕೊಂಡ ಮಾತುಗಳು ಒಂದೊಂದಾಗಿ ನೆನಪಾದವು.

ವಾಹನ ಬಂತೆಂದು ಯಾರೋ ಹೇಳಿದರು. ಹಜಾರದಲ್ಲಿ ಅಮ್ಮ ಅಪ್ಪನ ಮೇಲೆ ಬಾಗಿ, ರೂಢಿಯಂತೆ ಗಂಟಲು ಹರಿಯುವ ಹಾಗೆ "ರೀ, ಹೋಗ್ಬನ್ರೀ!" ಎಂದು ಕೂಗಿದಳು.

ಮಗಳು ಓಡಿಬಂದು ಆಕೆಯ ಬಾಯಿಗೆ ಕೈ ಅಡ್ಡ ಇಟ್ಟಳು.

"ಮೆಲ್ಲಗೆ ಹೇಳಮ್ಮಾ," ಎಂದಳು. "ಕೇಳ್ಸುತ್ತೆ."