ಕಟ್ಟಿಸಿದ ಹಲ್ಲು

ನನ್ನ ತಂಗಿ ಪುಟ್ಟಮಾದಿ ಜೀರಹಳ್ಳಿ ಕಾಡಿಗೆ ಸೀಗೆಕಾಯಿ ಕೀಳಲು ಹೋದವಳು ಮರಳಲಿಲ್ಲ. ಆನೆಯೋ, ಹಳ್ಳದ ನೀರೋ, ಯಾರಿಗೂ ಗೊತ್ತಾಗಲಿಲ್ಲ. ಮುಂದಿನ ಬೇಸಿಗೆಯಲ್ಲಿ ದನ ಮೇಯಿಸುವವರಿಗೆ ಹಳ್ಳದ ಮರಳಲ್ಲಿ ಒಂದು ಕೆಳದವಡೆ ಸಿಕ್ಕಿತು. ನಮ್ಮಲ್ಲಿ ಸತ್ತವರನ್ನು ಕುಲದ ಜಾಗದಲ್ಲಿ ಮಣ್ಣು ಮಾಡಿ, ಅವರ ಹೆಸರಲ್ಲೊಂದು ಕಲ್ಲು ಇಡುತ್ತೇವೆ. ಒಂದು ಮೂಳೆಯಾದರೂ ಇಲ್ಲದೆ ಕಲ್ಲಿಲ್ಲ. ಕಲ್ಲಿಲ್ಲದವಳು ಹಿರಿಯರ ಜೊತೆ ಸೇರುವುದಿಲ್ಲ. ಅದಕ್ಕೇ ನಾನೂ ಅವಳ ಗಂಡ ಕೇತನೂ ಬೆಟ್ಟ ಇಳಿದು, ಪೊಲೀಸರು ಆ ದವಡೆ ಕಳಿಸಿದ್ದ ತಮಿಳು ಸೀಮೆಯ ದೊಡ್ಡಾಸ್ಪತ್ರೆಗೆ ಹೋದೆವು.

ಡಾಕ್ಟರಮ್ಮ ಪರಿಮಳ ನಮ್ಮನ್ನು ಕೂರಿಸಿ, ನೀರು ಕೊಟ್ಟು, ತಮಿಳಿನಲ್ಲಿ ನಿಧಾನವಾಗಿ ಹೇಳಿದರು: "ಇದು ನಿಮ್ಮವರದಲ್ಲ ಅನ್ನಿಸುತ್ತೆ. ಅಳತೆ ನೋಡಿದರೆ ಎಪ್ಪತ್ತು ದಾಟಿದ ಮುದುಕಿಯದು. ಮೂಳೆ ಸವೆದು ತೆಳ್ಳಗಾಗಿದೆ, ಹಲ್ಲಿನ ಗುಳಿಗಳೂ ಮುಚ್ಚಿಹೋಗಿವೆ. ನಿಮ್ಮವರಿಗೆ ನಲವತ್ತು, ಹಲ್ಲೆಲ್ಲ ಗಟ್ಟಿ ಇತ್ತು ಅಂತ ಸ್ಟೇಷನ್ನಿನಲ್ಲಿ ಬರೆಸಿದ್ದೀರಿ."

ಹಲ್ಲು ಗಟ್ಟಿ ಇತ್ತಂತೆ! ಎರಡನೇ ಬಾಣಂತನದಲ್ಲಿ ಒಸಡು ಕೀವಾಗಿ, ಮೂವತ್ತು ತುಂಬುವ ಮೊದಲೇ ಅವಳ ಹಲ್ಲೆಲ್ಲ ಕೀಳಿಸಿದ್ದು ಮನೆಯವರಿಗೆ ಮಾತ್ರ ಗೊತ್ತು. ಕಟ್ಟಿಸಿದ ಹಲ್ಲು ಹಾಕದೆ ಅವಳು ಊರೊಳಗೆ ಹೆಜ್ಜೆ ಇಡುತ್ತಿರಲಿಲ್ಲ. ಕಾಡಿಗೆ ಹೋಗುವಾಗ ಮಾತ್ರ ಡಬ್ಬಿಯಲ್ಲಿಟ್ಟು ಹೋಗುತ್ತಿದ್ದಳು. "ಕಾಡ್ನಲ್ಲಿ ಯಾರಕ್ಕ ನೋಡೋರು" ಅನ್ನುತ್ತಿದ್ದಳು.

"ದಿಟ ಯೋಳಾಕೆ ನಿನ್ ಬಾಯ್ಗೇನ್ ಕಡುಬು ತುರ್ಕಂಡಿದ್ದಾ ಕೇತ?" ಎಂದು ಗದರಿದೆ.

ಅವನು ತಲೆ ಎತ್ತಲಿಲ್ಲ. "ಯಾರ್ಗೂ ಯೋಳ್ಬ್ಯಾಡ ಅಂತ ಆಣೆ ಆಕ್ಸಿದ್ಳು ಕಣಕ್ಕ. ಟೇಸನ್ನಲ್ಲಿ ಊರೋರೆಲ್ಲ ನಿಂತಿದ್ರು. ನಾಳೀಕೆ ಬಂದ್ಬುಟ್ರೆ ಅವ್ಳು ಮಖ ಎಂಗ್ ತೋರ್ಸಾಳು ಅಂದ್ಕಂಡೆ."

ನನ್ನ ಸಿಟ್ಟು ಅಲ್ಲೇ ಇಳಿಯಿತು. ಪಾಪ, ಅವಳು ಬಂದೇ ಬರುತ್ತಾಳೆಂದು ನಂಬಿದ್ದ. ಈಗ ಡಾಕ್ಟರಮ್ಮನಿಗೆ ಅವನೇ ಆಣೆ ಮುರಿದು, ತಡವರಿಸುತ್ತ ಎಲ್ಲವನ್ನೂ ಹೇಳಿದ.

ಡಾಕ್ಟರಮ್ಮ ದವಡೆಯನ್ನು ಮತ್ತೆ ಕೈಗೆತ್ತಿಕೊಂಡರು. "ಹಲ್ಲು ಹೋದ ಕಡೆ ಮೂಳೆಗೆ ಕೆಲಸವಿಲ್ಲ, ಕರಗುತ್ತಾ ಬರುತ್ತೆ. ಹರೆಯದವರ ದವಡೆಯೂ ಮುದುಕರ ಅಳತೆಗೆ ಬಂದುಬಿಡುತ್ತೆ. ಇದು ಅವರದೇ ಇರಬಹುದು" ಎಂದರು. ನಾನೂ ಪುಟ್ಟಮಾದಿಯೂ ಒಂದೇ ತಾಯಿಯ ಮಕ್ಕಳೇ ಎಂದು ಕೇಳಿ ನನ್ನ ರಕ್ತ ತೆಗೆಸಿದರು. ಮಳೆಗಾಲ ಶುರುವಾಗುವ ಹೊತ್ತಿಗೆ, ನನ್ನ ರಕ್ತವೂ ಆ ಮೂಳೆಯೂ ಹೊಂದಿದವೆಂದು ಹೇಳಿಕಳಿಸಿದರು.

ಕುಲದ ಜಾಗದಲ್ಲಿ ಗುಂಡಿ ತೋಡಿದ್ದರು. ಬಿಳಿಬಟ್ಟೆಯಲ್ಲಿ ಸುತ್ತಿದ ದವಡೆಯನ್ನು ಇಳಿಸುವ ಮೊದಲು ಕೇತ ಸೊಂಟದಿಂದ ಆ ಡಬ್ಬಿ ತೆಗೆದ. ಸುತ್ತ ಊರೆಲ್ಲ ನಿಂತಿತ್ತು. ನಾನು ಅಡ್ಡ ನಿಂತು ಸೆರಗು ಹರಡಿ ಹಿಡಿದೆ.

ಅವನು ಹಲ್ಲನ್ನು ಬಟ್ಟೆಯೊಳಗೆ ಮೆಲ್ಲಗೆ ಸೇರಿಸಿದ.

"ಆಕ್ಕೊ ಪುಟ್ಟಿ" ಅಂದ. "ಅಲ್ಲಿ ಇರೀಕರೆಲ್ಲ ಅವ್ರೆ."